ತುಕ್ಕಿನ ಜೊತೆ ಹೋದದ್ದು

ಯೂಟ್ಯೂಬಲ್ಲಿ ಹಳೇ ಬಂದೂಕು ರಿಸ್ಟೋರ್ ಮಾಡೋ ವಿಡಿಯೋಗಳನ್ನ ನಾನೂ ನಿದ್ದೆಗೆಟ್ಟು ನೋಡಿದವನೇ. ತುಕ್ಕು ಹಿಡಿದ ಕಬ್ಬಿಣ 20 ನಿಮಿಷದಲ್ಲಿ ಕನ್ನಡಿ ಆಗುತ್ತೆ. ಮಜಾ ಇದೆ, ನಿಜ. ಆದ್ರೆ ಬಂಗಾಳದ ಇಷಾಪುರದಲ್ಲಿ ಬ್ರಿಟಿಷರ ಕಾಲದಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ ಮೇಲೆ ಕಿರೀಟ, ಕಾರ್ಖಾನೆ ಹೆಸರು, ವರ್ಷ, ನಂಬರ್ ಎಲ್ಲಾ ಅಚ್ಚೊತ್ತಿರುತ್ತೆ. ಗ್ರೈಂಡರ್ ಹಿಡಿದ್ರೆ ತುಕ್ಕಿನ ಜೊತೆ ಅದೂ ಹೋಯ್ತು. ಉಳಿಯೋದು ಹೊಳೆಯೋ ಕಬ್ಬಿಣ ಮಾತ್ರ.

ಇಯಾನ್ ಮೆಕಾಲಮ್ ಅವರ ‘ಫರ್ಗಾಟನ್ ವೆಪನ್ಸ್’ ಚಾನೆಲ್ ನನಗೆ ಇಷ್ಟ ಆಗೋದು ಇದಕ್ಕೇ. ಅವರು ಬಂದೂಕು ಬಿಚ್ಚಿ, ಗುರುತು ಓದಿ, ಅದರ ಕಥೆ ಹೇಳ್ತಾರೆ. ಹೊಳಪಿನ ಹಂಗಿಲ್ಲ.

ನಮ್ಮಜ್ಜಿ ಬಿಂದಿಗೆ ಮೇಲೆ ಕೊರೆಸಿದ್ದ ಹೆಸರೂ ಮಾಸಿತ್ತು. ಅದು ನೀರು ಹೊತ್ತು, ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡು ಸವೆದದ್ದು. ಇವರು ಲೈಕಿಗಾಗಿ ಸವೆಸ್ತಿದಾರೆ.