ಊದ್ ವಾದ್ಯದ ಮುಖಫಲಕ: ನಾವೀನ್ಯದ ವಿಮರ್ಶೆ

ಊದ್ ಎಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ಊದುವ ವಾದ್ಯದ ನೆನಪಾಗುವುದು ಸಹಜ. ಆದರೆ ಇದು ಊದುವ ವಾದ್ಯವಲ್ಲ, ಮೀಟುವ ವಾದ್ಯ. ಅರಬ್ಬಿಯಲ್ಲಿ ಈ ಶಬ್ದಕ್ಕೆ ಮರ, ಕಟ್ಟಿಗೆ ಎಂದು ಅರ್ಥ. ನಮ್ಮ ಊದಿನಕಡ್ಡಿಯಲ್ಲಿರುವುದೂ ಇದೇ ಶಬ್ದ. ಅಲ್ಲಿ ಅದು ಸುಗಂಧದ ಅಗರು, ಇಲ್ಲಿ ನಾದದ ಮರ. ತಂತಿವಾದ್ಯವೊಂದಕ್ಕೆ ಮರದ ಹೆಸರೇಕೆ ಬಂದಿತೆಂಬುದಕ್ಕೆ ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಒಂದು ಊಹೆ ಹೀಗಿದೆ: ಇದಕ್ಕೆ ಮುಂಚಿನ ವಾದ್ಯಗಳ ಮುಖಕ್ಕೆ ಚರ್ಮವನ್ನು ಹೊದಿಸುತ್ತಿದ್ದರು, ಇದರ ಮುಖ ಮರದ್ದಾದುದರಿಂದ ಆ ಮರವೇ ಇದಕ್ಕೆ ಹೆಸರಾಯಿತು. ಈ ಊಹೆ ನಿಜವಾದಲ್ಲಿ, ವಾದ್ಯದ ಚರಿತ್ರೆ ಆರಂಭವಾಗುವುದೇ ಮುಖಫಲಕದಲ್ಲಿ ನಡೆದ ಒಂದು ನಾವೀನ್ಯದಿಂದ ಎಂದು ಹೇಳಬೇಕಾಗುತ್ತದೆ.

ವಾದ್ಯದ ರೂಪವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯೋಣ. ತೆಳುವಾದ ಮರದ ಸೀಳುಗಳನ್ನು ಬಗ್ಗಿಸಿ, ಅಂಚಿಗೆ ಅಂಚು ಸೇರಿಸಿ ಅಂಟಿಸಿದ, ಅರ್ಧ ಹೋಳಾದ ಪೇರು ಹಣ್ಣಿನಂಥ ಬುರುಡೆ. ಮೆಟ್ಟಿಲುಗಳಿಲ್ಲದ ಗಿಡ್ಡನೆಯ ದಂಡಿ. ಹಿಂದಕ್ಕೆ ಬಾಗಿದ ಬಿರಡೆಗಳ ತಲೆ. ಸಾಮಾನ್ಯವಾಗಿ ಐದು ಜೋಡಿ ತಂತಿಗಳು ಮತ್ತು ಒಂದು ಒಂಟಿ ಮಂದ್ರತಂತಿ, ಒಟ್ಟು ೧೧. ಬುರುಡೆಗೆ ನಾನಾ ಮರಗಳು ಸಲ್ಲುತ್ತವೆ. ನಮ್ಮ ಪಶ್ಚಿಮಘಟ್ಟದ ಬೀಟೆಯೂ ಅವುಗಳಲ್ಲಿ ಒಂದು. ಮುಖಕ್ಕೆ ಮಾತ್ರ ಆಯ್ಕೆ ಕಿರಿದು. ಚಳಿಯ ಬೆಟ್ಟಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್, ಇಲ್ಲವೇ ಸೀಡರ್, ಹೆಚ್ಚಾಗಿ ಇವೆರಡೇ. ಈ ಮರವನ್ನು ಒಂದೂವರೆ, ಎರಡು ಮಿಲಿಮೀಟರಿಗೆ ಸಮೀಪವಾಗಿ ತೆಳುಮಾಡಿ, ಒಳಮೈಗೆ ಅಡ್ಡಪಟ್ಟಿಗಳನ್ನು ಅಂಟಿಸಿ ಬುರುಡೆಯ ಮೇಲೆ ಕೂರಿಸುತ್ತಾರೆ. ತಂತಿಗಳನ್ನು ಕಟ್ಟುವ ಕುದುರೆಯನ್ನು ಈ ಫಲಕಕ್ಕೇ ಅಂಟಿಸುತ್ತಾರೆ.

೨೦೨೨ರಲ್ಲಿ ಯುನೆಸ್ಕೋ ಸಂಸ್ಥೆಯು ಇರಾನ್ ಮತ್ತು ಸಿರಿಯಾ ದೇಶಗಳ ಊದ್ ತಯಾರಿಕೆ ಹಾಗೂ ವಾದನಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೆಡೆ ಪರಂಪರೆಯ ಮಾತು ಹೀಗೆ ಗಟ್ಟಿಯಾಗುತ್ತಿರುವಾಗಲೇ, ಮತ್ತೊಂದೆಡೆ ಮುಖಫಲಕದ ರಚನೆಯಲ್ಲಿ ಹೊಸ ಪ್ರಯೋಗಗಳು ಹೆಚ್ಚುತ್ತಿವೆ. ಇವನ್ನು ಕುರಿತ ಬರೆಹಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಶಂಸೆ ಒಂದೇ ಬಗೆಯದು: ಹೊಸ ಫಲಕದ ನಾದ ಹೆಚ್ಚು ಗಟ್ಟಿ, ಹೆಚ್ಚು ದೀರ್ಘ, ಆದುದರಿಂದ ಅದು ಹೆಚ್ಚು ಒಳ್ಳೆಯದು. ಈ ತರ್ಕವನ್ನು ನಾವು ಒಪ್ಪಲಾರೆವು. ಯಾವ ಸಂಗೀತಕ್ಕಾಗಿ ಫಲಕವನ್ನು ಮಾಡಿದರೆಂಬುದನ್ನು ಬಿಟ್ಟು ಅದರ ಗುಣದೋಷಗಳನ್ನು ನಿರ್ಣಯಿಸುವುದು, ಛಂದಸ್ಸನ್ನು ಕೇಳದೆ ಪದ್ಯದ ಸಾಲು ಉದ್ದವಾಯಿತೆಂದು ಮೆಚ್ಚಿದಂತೆ.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿ ಯೋಚಿಸಿದ್ದರೆಂದು ತೋರುತ್ತದೆ. ಹತ್ತನೆಯ ಶತಮಾನದಲ್ಲಿ ಬಸ್ರಾ ನಗರದ ಇಖ್ವಾನ್ ಅಲ್-ಸಫಾ ಎಂಬ ಪಂಡಿತಗೋಷ್ಠಿಯವರು ತಮ್ಮ ಪ್ರಬಂಧಗಳಲ್ಲಿ ಊದಿನ ಲಕ್ಷಣವನ್ನು ಹೇಳಿದ್ದಾರೆ. ಉದ್ದವು ಅಗಲದ ಒಂದೂವರೆಪಟ್ಟು, ಆಳವು ಅಗಲದ ಅರ್ಧ, ದಂಡಿಯು ಉದ್ದದ ಕಾಲುಭಾಗ. ಇವೆಲ್ಲ ಅಂಕೆಗಳು. ಮುಖದ ವಿಷಯಕ್ಕೆ ಬಂದಾಗ ಅವರು ಅಂಕೆಯನ್ನು ಬಿಟ್ಟು ಗುಣವನ್ನು ಹೇಳುತ್ತಾರೆ: ಮರ ತೆಳುವಾಗಿರಬೇಕು, ಗಟ್ಟಿಯಾಗಿರಬೇಕು, ಹಗುರವಾಗಿರಬೇಕು, ತಟ್ಟಿದರೆ ಅನುರಣಿಸಬೇಕು. ಬುರುಡೆಗೆ ಅಳತೆಗೋಲು, ಮುಖಕ್ಕೆ ಕಿವಿ. ಈ ವಿಭಾಗ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಒಂದೇ ಮರದಿಂದ ಸೀಳಿದ ಎರಡು ಹಲಗೆಗಳೂ ಒಂದೇ ದಪ್ಪದಲ್ಲಿ ಒಂದೇ ರೀತಿ ಮೊಳಗುವುದಿಲ್ಲವೆಂಬುದು ಬಡಗಿಯ ಅನುಭವ.

ಈ ಅನುಭವದ ಹಿಂದಿರುವ ಭೌತಿಕ ಕಾರಣಗಳನ್ನು ಸ್ವಲ್ಪ ನೋಡಬೇಕು. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಎರಡು ಮಿಲಿಮೀಟರಿನ ಹಲಗೆಯನ್ನು ಒಂದಕ್ಕೆ ಇಳಿಸಿದರೆ ತೂಕ ಅರ್ಧವಾಗುತ್ತದೆ, ಬಿಗುವಾದರೋ ಎಂಟರಲ್ಲೊಂದು ಪಾಲಿಗೆ ಕುಸಿಯುತ್ತದೆ. ಇದಲ್ಲದೆ ಸ್ಪ್ರೂಸ್ ಮರ ನಾರಿನ ಉದ್ದಕ್ಕೆ ಎಷ್ಟು ಬಿಗಿಯೋ ಅಡ್ಡಕ್ಕೆ ಅಷ್ಟೇ ಸಡಿಲ. ಈ ಎರಡರ ಅಂತರ ಹತ್ತುಪಟ್ಟನ್ನೂ ಮೀರುವುದುಂಟು. ಆದುದರಿಂದಲೇ ಪಟ್ಟಿಗಳನ್ನು ನಾರಿಗೆ ಅಡ್ಡಲಾಗಿ ಅಂಟಿಸುತ್ತಾರೆ. ತಂತಿಯೊಂದಕ್ಕೆ ಸುಮಾರು ಮೂರು ಕಿಲೋಗ್ರಾಮಿನ ಸೆಳೆತವೆಂದು ಇಟ್ಟುಕೊಂಡರೂ ೧೧ ತಂತಿಗಳ ಸೆಳೆತ ಮೂವತ್ತನ್ನು ದಾಟುತ್ತದೆ. ಇದನ್ನೆಲ್ಲ ಕಾಗದದಂಥ ಹಲಗೆ ತಾಳಿಕೊಳ್ಳುವುದು ಪಟ್ಟಿಗಳ ಬಲದಿಂದ. ಆದರೆ ಪಟ್ಟಿಗಳ ಕೆಲಸ ಆಸರೆ ಕೊಡುವುದರಲ್ಲಿಯೇ ಮುಗಿಯುವುದಿಲ್ಲ. ಹಲಗೆಯ ಯಾವ ಭಾಗ ಯಾವ ಶ್ರುತಿಗೆ ಹೆಚ್ಚಾಗಿ ಅಲುಗಬೇಕೆಂಬುದನ್ನು ಅವು ಗೊತ್ತುಮಾಡುತ್ತವೆ. ಹಲಗೆಯ ಮೇಲೆ ಮರಳನ್ನು ಚೆಲ್ಲಿ ಕಂಪಿಸುವಂತೆ ಮಾಡಿದರೆ, ಅಲುಗದ ರೇಖೆಗಳ ಮೇಲೆ ಮರಳು ಸಾಲಾಗಿ ನಿಲ್ಲುತ್ತದೆ. ಇದನ್ನು ಜರ್ಮನಿಯ ಕ್ಲಾಡ್ನಿ ೧೭೮೭ರಲ್ಲಿಯೇ ಪ್ರಕಟಿಸಿದನು. ಪಟ್ಟಿಯನ್ನು ಒಂದು ಬೆರಳಗಲ ಸರಿಸಿದರೆ ಆ ಚಿತ್ರವೂ ಬದಲಾಗುತ್ತದೆ.

ನಾದದಲ್ಲಿ ಮುಖದ ಪಾಲೆಷ್ಟು, ಬುರುಡೆಯ ಪಾಲೆಷ್ಟು? ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ತೊರ್ರೆಸ್ ೧೮೬೨ರಲ್ಲಿ ಈ ಪ್ರಶ್ನೆಗೆ ಕೈಯಿಂದಲೇ ಉತ್ತರ ಕೊಟ್ಟನು. ಬೆನ್ನು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮುಖವನ್ನು ಮಾತ್ರ ಒಳ್ಳೆಯ ಮರದಿಂದ ಕಟ್ಟಿದ ಆ ಗಿಟಾರು ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಮುಖವೇ ಪ್ರಧಾನವೆಂಬುದು ಇದರಿಂದ ಸಿದ್ಧವಾಗುತ್ತದೆ. ಮುಖವೇ ಸರ್ವಸ್ವವೆಂದು ಮಾತ್ರ ಇದರಿಂದ ಸಿದ್ಧವಾಗುವುದಿಲ್ಲ; ಈ ಭೇದವನ್ನು ಮರೆತವರ ಪ್ರಯೋಗಗಳನ್ನು ಮುಂದೆ ನೋಡಲಿದ್ದೇವೆ.

ಮುಖ್ಯ ವಿಷಯಕ್ಕೆ ಬರೋಣ. ಇಪ್ಪತ್ತನೆಯ ಶತಮಾನದಲ್ಲಿ ಊದಿನ ಮುಖಫಲಕದ ಸಂಬಂಧವಾಗಿ ನಡೆದ ನಿಜವಾದ ನಾವೀನ್ಯವೆಂದರೆ ಬಾಗ್ದಾದಿನದು. ಅಲ್ಲಿಯ ತಯಾರಕ ಮುಹಮ್ಮದ್ ಫಾದಿಲ್ ಮತ್ತು ವಾದಕ ಮುನೀರ್ ಬಶೀರ್ ಇವರಿಬ್ಬರ ಹೆಸರಿನೊಂದಿಗೆ ಅದು ಹೊಂದಿಕೊಂಡಿದೆ. ಹಳೆಯ ಕ್ರಮದಲ್ಲಿ ಫಲಕಕ್ಕೆ ಅಂಟಿಕೊಂಡು ತಂತಿಯ ಸೆಳೆತವನ್ನೆಲ್ಲ ತಾನೇ ಹೊರುತ್ತಿದ್ದ ಕುದುರೆ ಇಲ್ಲಿ ಬಿಡಿಯಾಗಿ ಫಲಕದ ಮೇಲೆ ನಿಂತಿತು. ತಂತಿಗಳು ಅದರ ಬೆನ್ನನ್ನು ದಾಟಿ ಬುರುಡೆಯ ತುದಿಗೆ ಹೋಗಿ ಕಟ್ಟಿಕೊಂಡವು. ನಮ್ಮ ವೀಣೆಯನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ವೀಣೆಯ ಕುದುರೆಯೂ ಮೇಲ್ಹಲಗೆಯ ಮೇಲೆ ನಿಲ್ಲುತ್ತದೆ, ತಂತಿಗಳ ಕಟ್ಟು ಕೊಡದ ಹಿಂತುದಿಯಲ್ಲಿರುತ್ತದೆ. ಒಂದು ವಾದ್ಯ ಇನ್ನೊಂದರಿಂದ ಪಡೆಯಿತೆಂದು ನಾವು ಹೇಳುತ್ತಿಲ್ಲ. ಬಲ ಬೀಳುವ ಬಗೆ ಒಂದೇ ಎಂದು ತೋರಿಸುವುದಷ್ಟೇ ನಮ್ಮ ಉದ್ದೇಶ.

ಈ ಬಲದ ಬಗೆಯಲ್ಲಿಯೇ ಎಲ್ಲವೂ ಅಡಗಿದೆ. ಅಂಟಿಸಿದ ಕುದುರೆಯನ್ನು ತಂತಿ ಮುಂದಕ್ಕೆ ಮಗುಚಲು ಎಳೆಯುತ್ತದೆ. ಕುದುರೆಯ ಮುಂದಣ ಹಲಗೆ ತಗ್ಗುತ್ತದೆ, ಹಿಂದಣ ಹಲಗೆ ಉಬ್ಬುತ್ತದೆ. ಹಳೆಯ ಊದುಗಳಲ್ಲಿ ಈ ತಗ್ಗುಬ್ಬುಗಳನ್ನು ಕಣ್ಣಿನಿಂದಲೇ ಕಾಣಬಹುದು. ತಂತಿ ಮಿಡಿದಾಗ ಕುದುರೆ ಹೀಗೆ ಹಿಂದುಮುಂದಾಗಿ ತೂಗುತ್ತ ಹಗುರವಾದ ಹಲಗೆಯನ್ನು ಒಮ್ಮೆಲೇ ಎಬ್ಬಿಸುತ್ತದೆ. ಬಿಡಿ ಕುದುರೆಯಾದರೋ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಅಂಟು ಕಿತ್ತು ಬರುವ ಭಯವಿಲ್ಲದುದರಿಂದ ತಂತಿಗಳನ್ನು ಹೆಚ್ಚು ಬಿಗಿಯಬಹುದು. ಒತ್ತಡವನ್ನು ತಾಳಲು ಒಳಗಿನ ಪಟ್ಟಿಗಳ ಜೋಡಣೆ ಬೇರೆಯಾಗಬೇಕಾಗುತ್ತದೆ. ಕೆತ್ತನೆಯ ಜಾಲಂಧ್ರಗಳಿಗೆ ಬದಲಾಗಿ ಅಂಡಾಕಾರದ ಬರಿಯ ರಂಧ್ರಗಳು ಈ ಊದುಗಳಲ್ಲಿ ಸಾಮಾನ್ಯ. ಎಲ್ಲಕ್ಕಿಂತ ಮೇಲಿನ ಶ್ರುತಿಯ ತಂತಿಯೊಂದನ್ನು ಸೇರಿಸುವ ಬಶೀರರ ಪದ್ಧತಿಯೂ ಇದರೊಡನೆ ಬೆಳೆಯಿತು.

ಫಲವೇನಾಯಿತು? ತಾರಸ್ಥಾಯಿಯ ಸ್ವರಗಳು ತಿಳಿಯಾದವು, ಸ್ವರ ನಿಲ್ಲುವ ಹೊತ್ತು ಹೆಚ್ಚಿತು. ಅದರೊಡನೆ ಹಳೆಯ ಊದಿನ ಮಂದ್ರದಲ್ಲಿದ್ದ ತುಂಬಿದ ಗುಂಭವು ಇಳಿಯಿತು. ಈ ನಷ್ಟವನ್ನು ಕೆಲವರು ದೋಷವೆಂದರು, ವಾದ್ಯವು ಗಿಟಾರಿನ ಧ್ವನಿಗೆ ತಿರುಗಿತೆಂದು ಆಕ್ಷೇಪಿಸಿದರು. ಇಲ್ಲಿ ನಾವು ಕೇಳಬೇಕಾದುದು ಸಂಗೀತವನ್ನು. ೧೯೩೦ರ ದಶಕದಲ್ಲಿ ಇಸ್ತಾಂಬುಲಿನಿಂದ ಬಾಗ್ದಾದಿಗೆ ಬಂದು ಸಂಗೀತ ಶಾಲೆಯನ್ನು ನಡೆಸಿದ ಶರೀಫ್ ಮುಹಿಯುದ್ದೀನ್ ಊದಿನಲ್ಲಿಯೂ ಚೆಲ್ಲೋ ವಾದ್ಯದಲ್ಲಿಯೂ ನಿಪುಣರು. ಅವರ ಶಿಷ್ಯರಾದ ಜಮೀಲ್ ಬಶೀರ್, ಮುನೀರ್ ಬಶೀರ್ ಸೋದರರು ಊದನ್ನು ಗಾಯಕನ ಜೊತೆವಾದ್ಯದ ಸ್ಥಾನದಿಂದ ಏಕಾಕಿ ವಾದನದ ಪೀಠಕ್ಕೆ ತಂದವರಲ್ಲಿ ಪ್ರಮುಖರು. ೧೯೯೭ರಲ್ಲಿ ತೀರಿಕೊಂಡ ಮುನೀರರ ತಕ್ಸೀಮ್, ಎಂದರೆ ತಾಳದ ಕಟ್ಟಿಲ್ಲದ ಆಲಾಪ, ಮೌನಕ್ಕೆ ವಿಶೇಷ ಸ್ಥಾನವನ್ನು ಕೊಡುವಂಥದು. ಒಂದು ಸ್ವರವನ್ನು ಮೀಟಿ, ಅದು ಕರಗುವವರೆಗೆ ಕಾಯ್ದು, ಅದರ ಜಾರುವಿಕೆಯನ್ನು ಕೇಳಿಸುವ ಶೈಲಿ ಅದು. ಅಂಥ ಆಲಾಪಕ್ಕೆ ನಿಲ್ಲುವ ಸ್ವರ ಬೇಕು. ಗಮಕದ ಕೊನೆಯ ಎಳೆ ಕೇಳಿಸಬೇಕಾದರೆ ತಂತಿ ಅಷ್ಟು ಹೊತ್ತು ಜೀವಂತವಾಗಿರಬೇಕು. ಹಾಗಾಗಿ ಈ ಕುದುರೆ ಆ ಸಂಗೀತದ ಅಗತ್ಯದಿಂದ ಹುಟ್ಟಿದ್ದು. ಇದನ್ನೇ ಮದುವೆಮನೆಯ ಹಾಡಿಗೆ, ತಾಳವಾದ್ಯಗಳ ನಡುವೆ, ಗಾಯಕನ ಬೆನ್ನಿಗೆ ನಿಲ್ಲುವ ಊದಿಗೆ ಹಾಕಿದರೆ ಅದು ಸುಧಾರಣೆಯಾಗುವುದಿಲ್ಲ. ಅಲ್ಲಿ ಬೇಕಾದುದು ಒಮ್ಮೆಲೇ ಎದ್ದು, ಕೂಡಲೇ ಬಿದ್ದು, ಮುಂದಿನ ಮೀಟಿಗೆ ಎಡೆಗೊಡುವ ಧ್ವನಿ.

ಮೇಲೆ ಹೇಳಿದ 'ಗಟ್ಟಿಯಾಗಿ, ದೀರ್ಘವಾಗಿ' ಎಂಬ ಪ್ರಶಂಸೆಯ ದೋಷವೂ ಇಲ್ಲಿಯೇ ಬಯಲಾಗುತ್ತದೆ. ಮೀಟುಗರಿಯ ಒಂದು ಹೊಡೆತದಿಂದ ತಂತಿಗೆ ಬರುವ ಶಕ್ತಿ ಇಷ್ಟೇ ಎಂದು ಗೊತ್ತಾದದ್ದು. ಫಲಕ ಅದನ್ನು ಬೇಗ ಹೀರಿ ಹೊರಕ್ಕೆ ಚೆಲ್ಲಿದರೆ ನಾದ ಗಟ್ಟಿ, ಆದರೆ ಅಲ್ಪಾಯು. ನಿಧಾನವಾಗಿ ಹೀರಿದರೆ ದೀರ್ಘ, ಆದರೆ ಮೆದು. ಒಂದೇ ಫಲಕ ಎರಡನ್ನೂ ಹೆಚ್ಚಿಸಿತೆಂದರೆ, ತಂತಿಯ ಬಿಗುವು ಹೆಚ್ಚಿರಬೇಕು, ಇಲ್ಲವೇ ವ್ಯರ್ಥವಾಗುತ್ತಿದ್ದ ಶಕ್ತಿ ಎಲ್ಲಿಯೋ ಉಳಿದಿರಬೇಕು. ಯಾವುದೆಂದು ಹೇಳದ ಪ್ರಶಂಸೆ ವ್ಯಾಪಾರದ ಮಾತೇ ಹೊರತು ವಿಮರ್ಶೆಯಲ್ಲ.

ಗಿಟಾರಿನ ಲೋಕದಿಂದ ಬಂದ ಪ್ರಯೋಗಗಳನ್ನು ಈ ಒರೆಗಲ್ಲಿಗೆ ಹಚ್ಚಬೇಕು. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಎಂಬ ತಯಾರಕನು ಅತಿ ತೆಳುವಾದ ಮುಖದ ಒಳಗೆ ಬಾಲ್ಸಾ ಮರ ಮತ್ತು ಇಂಗಾಲದ ನಾರಿನ ಜಾಲರಿಯನ್ನು ಕೂರಿಸಿ ಗಿಟಾರಿನ ಧ್ವನಿಯನ್ನು ಬಹಳವಾಗಿ ಹೆಚ್ಚಿಸಿದನು. ಆದರೆ ಅವನ ಗಿಟಾರಿನ ಬೆನ್ನು ಪಕ್ಕಗಳು ಬೇಕೆಂದೇ ಭಾರವಾಗಿ, ಬಿಗಿಯಾಗಿ ಮಾಡಿದವು. ಮುಖದ ಶಕ್ತಿ ಅತ್ತ ಸೋರದಂತೆ ತಡೆಯುವ ಕಟ್ಟೆ ಅವು. ಊದಿನ ಬುರುಡೆಯಾದರೋ ಹಗುರ. ಬಾಗಿದ ಚಿಪ್ಪಿನ ಆಕಾರದಿಂದ ಅದಕ್ಕೆ ಬಿಗುವು ಬಂದರೂ ಭಾರ ಬರುವುದಿಲ್ಲ. ಜಾಲರಿಯನ್ನಷ್ಟೇ ಕಡ ತಂದು ಕಟ್ಟೆಯನ್ನು ಬಿಟ್ಟುಬರುವುದು ಅರ್ಧ ಅನುಕರಣ. ಕಟ್ಟೆಯನ್ನೂ ತಂದರೆ ತೊಡೆಯ ಮೇಲೆ ಗರಿಯಂತೆ ಕೂರುವ ಊದು ಊದಾಗಿ ಉಳಿಯುವುದಿಲ್ಲ.

ಇದಕ್ಕೆ ಹೋಲಿಸಿದರೆ ಇಸ್ತಾಂಬುಲಿನ ಫಾರೂಕ್ ತುರುಂಜ್ ಅವರ ಮಾರ್ಗ ಹೆಚ್ಚು ವಿವೇಕದ್ದೆಂದು ನಮ್ಮ ಅಭಿಪ್ರಾಯ. ಅಡ್ಡಪಟ್ಟಿಗಳ ಹಳೆಯ ಕ್ರಮವನ್ನು ಇಟ್ಟುಕೊಂಡೇ, ಪಟ್ಟಿಗಳನ್ನು ತಟ್ಟಿ ಕೇಳಿ, ಹೆರೆದು, ಗೊತ್ತಾದ ಶ್ರುತಿಗಳಿಗೆ ತರುವುದು ಅವರ ಪದ್ಧತಿ. ಹೊರಗಿನಿಂದ ನೋಡಿದವನಿಗೆ ಅಂಥ ವಾದ್ಯದಲ್ಲಿ ಹೊಸತೇನೂ ಕಾಣುವುದಿಲ್ಲ. ಬಸ್ರಾದ ಪಂಡಿತರು ಕಿವಿಗೆ ಬಿಟ್ಟುಕೊಟ್ಟಿದ್ದ ಕೆಲಸವನ್ನು ಕಿವಿಯಿಂದಲೇ, ಆದರೆ ಲೆಕ್ಕವಿಟ್ಟು ಮಾಡುವ ಪ್ರಯತ್ನವಿದು.

ಕೊನೆಗೆ ಪ್ರಮಾಣವಸ್ತುವಿನ ಪ್ರಶ್ನೆ. ಹೊಸ ಫಲಕಗಳನ್ನು ಯಾವ ಹಳೆಯ ನಾದದೊಡನೆ ಹೋಲಿಸುತ್ತೇವೆ? ಇಸ್ತಾಂಬುಲಿನ ಗ್ರೀಕ್ ತಯಾರಕ ಮನೋಲ್ (೧೮೪೫–೧೯೧೫) ಮತ್ತು ದಮಾಸ್ಕಸ್ಸಿನ ನಹಾತ್ ಮನೆತನದವರ ಊದುಗಳೇ ಆದರ್ಶವೆಂದು ಎಲ್ಲರೂ ಹೇಳುತ್ತಾರೆ. ಆದರೆ ಬುರುಡೆಗಿಂತ ಮುಖ ಬೇಗ ಹಳತಾಗುತ್ತದೆ, ಬಿರಿಯುತ್ತದೆ, ಬಗ್ಗುತ್ತದೆ. ಈ ಹಳೆಯ ವಾದ್ಯಗಳಲ್ಲಿ ಹಲವು ಈಗಾಗಲೇ ಹೊಸ ಮುಖವನ್ನು ಪಡೆದಿವೆ. ಬುರುಡೆಯೊಳಗಿನ ಹೆಸರಿನ ಚೀಟಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಚೀಟಿಯನ್ನು ನೋಡಿ ನಾದವನ್ನು ಮೆಚ್ಚಿದವನು ಮೆಚ್ಚಿದ್ದು ಮನೋಲನನ್ನೋ, ನಿನ್ನೆಯ ದುರಸ್ತಿಗಾರನನ್ನೋ? ಗ್ರಂಥಸಂಪಾದನೆಯಲ್ಲಿ ನಾವು ಮೂಲಪಾಠವನ್ನೂ ಲಿಪಿಕಾರನ ತಿದ್ದುಪಡಿಯನ್ನೂ ಬೇರ್ಪಡಿಸುತ್ತೇವೆ. ಇಲ್ಲಿ ತಿದ್ದುಪಡಿಯಾದ ಮೇಲೆ ಮೂಲದ ಓಲೆಯೇ ಒಲೆಗೆ ಹೋಗಿರುತ್ತದೆ. ಮುಖವನ್ನು ಕಳಚಿದ ದಿನ ಪಟ್ಟಿಗಳ ಸಂಖ್ಯೆ, ಸ್ಥಾನ, ಎತ್ತರ, ಹಲಗೆಯ ದಪ್ಪ ಇವನ್ನು ಅಳೆದು ಬರೆಯಲು ಒಂದು ಮಧ್ಯಾಹ್ನ ಸಾಕು. ಕಳಚದೆಯೂ ರಂಧ್ರದಲ್ಲಿ ಕಿರುಗನ್ನಡಿಯನ್ನು ಇಳಿಸಿ ಪಟ್ಟಿಗಳನ್ನು ಎಣಿಸಬಹುದು, ಕ್ಷಕಿರಣದಿಂದ ಅವುಗಳ ಸ್ಥಾನವನ್ನು ಗುರುತಿಸಬಹುದು. ಹೀಗೆ ಅಳೆದು ಬರೆದಿಟ್ಟ, ಮುಖ ಬದಲಾಗದ ವಾದ್ಯಗಳ ನಾದವನ್ನಷ್ಟೇ ಹೋಲಿಕೆಗೆ ತೆಗೆದುಕೊಳ್ಳತಕ್ಕದ್ದು. ಉಳಿದವನ್ನು ಬೇರೆ ಪಟ್ಟಿಯಲ್ಲಿ, ದುರಸ್ತಿಯ ವರ್ಷ ತಿಳಿದಿದ್ದರೆ ಆ ವರ್ಷದೊಡನೆ ಇಡಬೇಕು.