ಐಸಿ 605: ತನಿಖಾ ವರದಿಯ ಎರಡನೆಯ ವಾಕ್ಯ

1990ರ ಫೆಬ್ರವರಿ 14ರ ಮಧ್ಯಾಹ್ನ ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ತನಿಖೆ ನಡೆಸಿದರು. ಪೈಲಟ್‌ಗಳ ತಪ್ಪನ್ನು ಸಾಬೀತು ಮಾಡಿದ ದಾಖಲೆ ಎಂದೇ ಅವರ ವರದಿ ಹೆಸರಾಗಿದೆ. ಕಾರಣ ಹೇಳುವ ಭಾಗವನ್ನು ನಿಧಾನವಾಗಿ ಓದಿದರೆ ಈ ಹೆಸರು ನಿಲ್ಲುವುದಿಲ್ಲ.

ಆ ಭಾಗದ ತಿರುಳು ಎರಡೇ ವಾಕ್ಯ. ಎಂಜಿನ್‌ಗಳು ಕನಿಷ್ಠ ಶಕ್ತಿಗೆ ಇಳಿದು ವಿಮಾನ ಕೆಳಗಿಳಿಯುತ್ತಿದೆ ಎಂದು ತಿಳಿದಿದ್ದರೂ, 400, 300, 200 ಅಡಿಯ ಎಚ್ಚರಿಕೆಗಳು ಕೇಳಿಸಿದರೂ ಪೈಲಟ್‌ಗಳು ತಕ್ಷಣ ಥ್ರಾಟಲ್ ಮುಂದೊತ್ತಲಿಲ್ಲ ಎನ್ನುತ್ತದೆ ಮೊದಲನೆಯದು. ಇಳಿಯುವ ಕೊನೆಯ ಹಂತದಲ್ಲಿ ವಿಮಾನ ಆ ಸ್ಥಿತಿಗೆ ಹೇಗೆ ಹೋಯಿತೆಂದು ಗುರುತಿಸಲಾಗದು ಎನ್ನುತ್ತದೆ ಎರಡನೆಯದು. ಅಂದರೆ ಅಪಾಯ ಹುಟ್ಟಿದ್ದಕ್ಕೆ ಕಾರಣ ಸಿಕ್ಕಿಲ್ಲ. ಹುಟ್ಟಿದ ಅಪಾಯದಿಂದ ಪಾರಾಗಲು ಆಗಲಿಲ್ಲ ಎಂಬುದನ್ನೇ ಕಾರಣದ ಜಾಗದಲ್ಲಿ ಕೂರಿಸಲಾಗಿದೆ. ಇದು ವರದಿಯ ದೊಡ್ಡ ದೌರ್ಬಲ್ಯ.

ಗುರುತಿಸಲಾಗದು ಎಂದ ವಿಷಯಕ್ಕೆ ಬೇಕಾದ ಸಾಮಗ್ರಿ ವರದಿಯ ಒಳಗೇ ಇದೆ. ಇಳಿಯುವ ವೇಗ ಮತ್ತು ಎತ್ತರ, ಎರಡರ ಗುಬುಟುಗಳೂ ಒಂದೇ ಫಲಕದ ಮೇಲಿವೆ. ನಿಮಿಷಕ್ಕೆ 700 ಅಡಿ ಇಳಿಯಲಿ ಎಂದು ತಿರುಗಿಸಬೇಕಾದ ಕೈ ಎತ್ತರದ ಗುಬುಟಿನ ಮೇಲೆ ಹೋಗಿ, ಅಲ್ಲಿ 700 ಕೂತಿರಬಹುದು ಎಂಬ ಊಹೆ ತನಿಖೆಯಲ್ಲಿ ಚರ್ಚೆಯಾಗಿತ್ತು. ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಮೇಲಿರುವ ಆ ನಿಲ್ದಾಣದಲ್ಲಿ 700 ಎಂದರೆ ನೆಲದ ಅಡಿಯ ಗುರಿ. ಯಂತ್ರ ಅದನ್ನು ಒಪ್ಪಿಕೊಂಡು ಎಂಜಿನ್ ಶಕ್ತಿ ಇಳಿಸುತ್ತದೆ.

ಇನ್ನೊಂದು ಪುರಾವೆ ಇದಕ್ಕಿಂತ ಬಲವಾದದ್ದು. ಹಾರಬೇಕಾದ ದಾರಿಯನ್ನು ಪೈಲಟ್‌ಗಳಿಗೆ ತೆರೆಯ ಮೇಲೆ ತೋರಿಸುವ ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆಫ್ ಮಾಡಿದ್ದರೆ ಎಂಜಿನ್‌ಗಳು ತಾವಾಗಿ ವೇಗ ಕಾಯುವ ಸ್ಥಿತಿಗೆ ಮರಳುತ್ತಿದ್ದವು. ಧ್ವನಿಮುದ್ರಣದ ಪ್ರಕಾರ ಒಬ್ಬರು ತಮ್ಮದನ್ನು ಆರಿಸಿದ್ದರು, ಪಕ್ಕದವರದು ಆರಿರಲಿಲ್ಲ. ಎಡಗಡೆ ಕೂತಿದ್ದವರು ಪರೀಕ್ಷೆಗೆ ಒಳಗಾಗಿದ್ದ ಪೈಲಟ್, ಬಲಗಡೆ ಇದ್ದವರು ಪರೀಕ್ಷಕ. ಯಾರು ಮಾಡಬೇಕು, ಯಾರು ನೋಡಬೇಕು ಎಂಬ ಪ್ರಶ್ನೆ ಆ ಸ್ವಿಚ್ಚಿನ ಮುಂದೆಯೇ ನಿಂತಿತ್ತು. ಸಾಲದ್ದಕ್ಕೆ, ಈ ವಿಮಾನದಲ್ಲಿ ಎಂಜಿನ್ ಶಕ್ತಿ ತಾನಾಗಿ ಏರಿಳಿದರೂ ಥ್ರಾಟಲ್ ಹಿಡಿಕೆಗಳು ಅಲುಗುವುದಿಲ್ಲ. ಕೈಗೆ ಸುಳಿವೇ ಸಿಗುವುದಿಲ್ಲ. ಎ320 ಈ ಸಂಸ್ಥೆಗೆ ಬಂದು ವರ್ಷವೂ ತುಂಬಿರಲಿಲ್ಲ. ತರಬೇತಿ, ವಿನ್ಯಾಸ, ಕೆಲಸದ ಹಂಚಿಕೆಗಳೆಲ್ಲ ಕಾರಣದ ವಾಕ್ಯದೊಳಗೆ ಬರಬೇಕಿದ್ದ ವಿಷಯಗಳು.

ಹೀಗೆ ಬರೆಯುವುದು ಆಗ ಅಸಾಧ್ಯವೇನೂ ಆಗಿರಲಿಲ್ಲ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರು ಬಿಟ್ಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗು ಮುಂಬಾಗಿಲು ಮುಚ್ಚದೆ ಹೊರಟು ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾದ ನೌಕರ ಕೋಣೆಯಲ್ಲಿ ಮಲಗಿದ್ದ. ತನಿಖೆ ನಡೆಸಿ ಅವನ ನಿದ್ದೆಯನ್ನು ದಾಖಲಿಸಿದ ನ್ಯಾಯಮೂರ್ತಿ ಶೀನ್ ಅಲ್ಲಿಗೇ ನಿಲ್ಲಲಿಲ್ಲ. ಬಾಗಿಲಿನ ಸ್ಥಿತಿ ತೋರಿಸುವ ದೀಪ ಬೇಕೆಂದು ಕ್ಯಾಪ್ಟನ್‌ಗಳು ಕೇಳಿದ್ದನ್ನು ಆಡಳಿತ ತಳ್ಳಿಹಾಕಿದ್ದನ್ನು ಹೆಕ್ಕಿ ತೆಗೆದು, ಕಂಪನಿಯ ಮೇಲಿನಿಂದ ಕೆಳಗಿನವರೆಗೂ ಅಸಡ್ಡೆ ಹರಡಿತ್ತೆಂದು ಬರೆದರು. ಮೂರು ವರ್ಷಗಳ ನಂತರ ಬೆಂಗಳೂರಿನಲ್ಲಿ ಕೂತ ನ್ಯಾಯಾಲಯದ ಮುಂದೆ ಆ ಮಾದರಿ ಇತ್ತು.

ವರದಿಯ ಪರವಾಗಿ ಹೇಳಬೇಕಾದದ್ದೂ ಇದೆ. ಅದು ಮಾತುಕತೆಯ ದಾಖಲೆಯನ್ನು ಮುಚ್ಚಿಡಲಿಲ್ಲ, ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಂಡಿತು. ಅದನ್ನು ಕೆಡಿಸಿದ್ದರಲ್ಲಿ ಓದುಗರ ಪಾಲೂ ದೊಡ್ಡದು. ಯಂತ್ರದ ತಪ್ಪೋ ಪೈಲಟ್‌ಗಳ ತಪ್ಪೋ ಎಂದು ಎರಡು ಬಣಗಳಾಗಿ ವಾದಿಸಿದವರು ಇಬ್ಬರೂ ಮೊದಲ ವಾಕ್ಯವನ್ನೇ ಹಿಡಿದು ಎಳೆದಾಡಿದರು. ಯಂತ್ರವನ್ನು ದೂರಿದವರಿಗೆ ಕೆಟ್ಟುಹೋದ ಬಿಡಿಭಾಗ ಬೇಕಿತ್ತು, ಅದು ಸಿಗಲಿಲ್ಲ. ಬಿಡಿಭಾಗ ಸಿಗಲಿಲ್ಲವಾದ್ದರಿಂದ ಯಂತ್ರ ನಿರ್ದೋಷಿ ಎಂದರು ಎದುರು ಬಣದವರು. ಏನೂ ಕೆಡದ ಯಂತ್ರವೇ ಮನುಷ್ಯನ ಕೈಯನ್ನು ತಪ್ಪಿಸಬಲ್ಲದು ಎಂಬುದು ಈ ಜಗಳದಲ್ಲಿ ಕಳೆದುಹೋಯಿತು.

1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. 3.3 ಡಿಗ್ರಿಯ ಇಳಿಜಾರಿಗೆಂದು ತಿರುಗಿಸಿದ ಅಂಕಿಯನ್ನು ಯಂತ್ರ ನಿಮಿಷಕ್ಕೆ 3,300 ಅಡಿಯ ಇಳಿತವೆಂದು ತೆಗೆದುಕೊಂಡಿರಬೇಕೆಂದು ಅಲ್ಲಿನ ತನಿಖೆ ಅಂದಾಜಿಸಿತು. ಅದೂ ಊಹೆಯೇ. ಆದರೂ ಆ ಬಳಿಕ ಅದೇ ಫಲಕದಲ್ಲಿ ಅಂಕಿ ತೋರಿಸುವ ರೀತಿಯನ್ನು ಬದಲಿಸಲಾಯಿತು.