ಅಪ್‌ಡೈಕ್ ಅವಸರದಲ್ಲಿ ಮುಗಿಸಿದ ಒಂಬತ್ತನೇ ಇನಿಂಗ್ಸ್

ಜಾನ್ ಅಪ್‌ಡೈಕ್‌ನ ‘ಹಬ್ ಫ್ಯಾನ್ಸ್ ಬಿಡ್ ಕಿಡ್ ಅಡ್ಯೂ’ ಪ್ರಬಂಧವನ್ನು ಮೊದಲು ಓದಿದಾಗ ನನಗೆ ಬೇಸ್‌ಬಾಲ್ ಗಂಧವೇ ಇರಲಿಲ್ಲ. ಹೋಮ್ ರನ್ನನ್ನು ಸಿಕ್ಸರ್ ಎಂದುಕೊಂಡೇ ಓದಿ ಮುಗಿಸಿದ್ದೆ. ಆದರೂ ಕಣ್ಣು ತೇವವಾಗಿತ್ತು. ಈಚೆಗೆ ಆಟದ ನಿಯಮಗಳನ್ನು ಒಂದಿಷ್ಟು ತಿಳಿದುಕೊಂಡು ಮತ್ತೆ ಓದಿದೆ. ಈ ಸಲ ಮೆಚ್ಚುಗೆಯ ಜೊತೆಗೆ ಒಂದು ತಕರಾರೂ ಹುಟ್ಟಿಕೊಂಡಿತು.

1960ರ ಸೆಪ್ಟೆಂಬರ್ 28, ಬಾಸ್ಟನ್ನಿನ ಫೆನ್‌ವೇ ಪಾರ್ಕ್. ಬಾಸ್ಟನ್ ರೆಡ್ ಸಾಕ್ಸ್ ಎದುರು ಬಾಲ್ಟಿಮೋರ್ ಓರಿಯೋಲ್ಸ್. ಎಂಟು ತಂಡಗಳ ಲೀಗಿನಲ್ಲಿ ರೆಡ್ ಸಾಕ್ಸ್ ಏಳನೆಯದು. ಗೆದ್ದರೂ ಸೋತರೂ ಏನೂ ಬದಲಾಗದು. ಹತ್ತು ಸಾವಿರದಷ್ಟು ಜನ ಬಂದದ್ದು ನಲವತ್ತೆರಡು ವರ್ಷದ ಟೆಡ್ ವಿಲಿಯಮ್ಸ್‌ನನ್ನು ಬೀಳ್ಕೊಡಲು. ಎಂಟನೇ ಇನಿಂಗ್ಸಿನಲ್ಲಿ, ಬದುಕಿನ ಕಟ್ಟಕಡೆಯ ಬ್ಯಾಟಿಂಗ್ ಸರದಿಯಲ್ಲಿ, ಜ್ಯಾಕ್ ಫಿಶರ್ ಎಸೆದ ಚೆಂಡನ್ನು ಆತ ಬೇಲಿಯಾಚೆ ಕಳಿಸಿದ. ಅದು ಅವನ 521ನೇ ಹೋಮ್ ರನ್. ತಲೆ ತಗ್ಗಿಸಿ ಬೇಸುಗಳನ್ನು ಸುತ್ತಿ ಒಳಗೆ ಹೋದ. ಜನ ಎಷ್ಟು ಕೂಗಿದರೂ ಟೋಪಿ ಎತ್ತಲಿಲ್ಲ.

ಅಪ್‌ಡೈಕ್‌ಗೆ ಆಗ ಇಪ್ಪತ್ತೆಂಟು. ಪತ್ರಕರ್ತರ ಜಾಗ ಬಿಟ್ಟು ಪ್ರೇಕ್ಷಕರ ನಡುವೆ ಕೂತು ನೋಡಿದ್ದೇ ಪ್ರಬಂಧದ ಶಕ್ತಿ. ಅಕ್ಕಪಕ್ಕದವರ ಹರಟೆ, ಗೊಣಗಾಟ, ಹವೆ ಎಲ್ಲವೂ ಅಲ್ಲಿವೆ. ವಿಲಿಯಮ್ಸ್‌ನ ವೃತ್ತಿಜೀವನದ ಮೂರು ಘಟ್ಟಗಳನ್ನು ಅವನು ಜೇಸನ್, ಅಕಿಲೀಸ್, ನೆಸ್ಟರ್ ಎಂಬ ಗ್ರೀಕ್ ಪುರಾಣ ಪುರುಷರ ಮೂಲಕ ನೋಡುತ್ತಾನೆ. ಹಾಗೆ ಹಂತಹಂತವಾಗಿ ಏರಿಸಿದ ಮೇಲೆ, ಟೋಪಿ ಎತ್ತದ ಆ ಮನುಷ್ಯನನ್ನು ದೇವರ ಸಾಲಿಗೆ ಸೇರಿಸುವ ಪುಟ್ಟ ವಾಕ್ಯ ಬರುತ್ತದೆ. ಅದರ ಎದುರು ನಾನು ಈಗಲೂ ಸೋಲುತ್ತೇನೆ.

ಆದರೆ ಆ ಹೊಡೆತ ಪಂದ್ಯ ಗೆಲ್ಲಿಸಲಿಲ್ಲ! ಅದಾದ ಮೇಲೂ ರೆಡ್ ಸಾಕ್ಸ್ 3-4ರಿಂದ ಹಿಂದಿತ್ತು. ಗೆಲುವು ಬಂದದ್ದು ಒಂಬತ್ತನೆಯದರಲ್ಲಿ. ಬೇಸುಗಳೆಲ್ಲ ತುಂಬಿದ್ದವು. ವಿಲ್ಲಿ ಟ್ಯಾಸ್ಬಿ ಹೊಡೆದ ಚೆಂಡಿನಲ್ಲಿ ಎರಡು ಔಟ್ ಗಿಟ್ಟಬಹುದಿತ್ತು. ಆದರೆ ಬಿಲ್ಲಿ ಕ್ಲೌಸ್ ಎಸೆದದ್ದು ಮೊದಲ ಬೇಸಿನವನ ಕೈ ತಪ್ಪಿ ಹೋಯಿತು. ಎರಡು ರನ್ ಬಂದು ಪಂದ್ಯ 5-4. ಇದಕ್ಕೆ ಅಪ್‌ಡೈಕ್ ಕೊಡುವುದು ಬೆರಳೆಣಿಕೆಯ ವಾಕ್ಯಗಳು. ಹಿಂದೆ ಬಾಸ್ಟನ್ನಿನಲ್ಲೇ ಆಡಿದ್ದ ಕ್ಲೌಸ್‌ಗೆ ದಕ್ಕಿದ್ದು ಒಂದು ಕುಟುಕು. ಒಬ್ಬನನ್ನು ದೇವರಾಗಿಸಿದ ಲೇಖನಿಗೆ ಉಳಿದವರು ನಗೆಗೆ ವಸ್ತುವಾಗಿಬಿಟ್ಟರೇ ಎಂದು ನನಗೆ ಅನ್ನಿಸಿದ್ದು ಅಲ್ಲಿ.

ಆ ಬೇಸುಗಳನ್ನು ತುಂಬಿದವನು ಪಂಪ್ಸಿ ಗ್ರೀನ್, ಚೆಂಡು ಹೊಡೆಯದೆ ತಾಳ್ಮೆಯಿಂದ ‘ವಾಕ್’ ಗಿಟ್ಟಿಸಿ. ಪ್ರಬಂಧದಲ್ಲಿ ಅದು ಬರೀ ಒಂದು ಹೆಸರು. ಆದರೆ ರೆಡ್ ಸಾಕ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ ಅವನು, ಬಂದದ್ದು 1959ರಲ್ಲಿ. ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ನಿಗೆ ಆಡತೊಡಗಿ ಹನ್ನೆರಡು ವರ್ಷ ಕಳೆದಿತ್ತು. ಮೇಜರ್ ಲೀಗಿನ ತಂಡಗಳಲ್ಲೆಲ್ಲ ಬಾಸ್ಟನ್ನೇ ಕೊನೆಯದು. ಈ ನಗರಕ್ಕೂ ಅದರ ಆಟಗಾರನಿಗೂ ಇದ್ದ ಪ್ರೀತಿ-ಮುನಿಸನ್ನು ಅಷ್ಟು ನಯವಾಗಿ ಬರೆದವನ ಕಣ್ಣಿಗೆ ಇದು ಬೀಳಬಾರದಿತ್ತೇ? ನನ್ನ ತಕರಾರು ಇಷ್ಟೇ.

ಇಲ್ಲಿ ಅಪ್‌ಡೈಕ್‌ಗೆ ಆಗ ತಿಳಿದಿರಲು ಸಾಧ್ಯವೇ ಇರದ ಒಂದು ಸಂಗತಿ ಹೇಳಬೇಕು. 1966ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ, ಇದೇ ವಿಲಿಯಮ್ಸ್ ತನ್ನ ಭಾಷಣದಲ್ಲಿ ನೀಗ್ರೋ ಲೀಗುಗಳ ಸ್ಯಾಚೆಲ್ ಪೇಜ್ ಮತ್ತು ಜೋಶ್ ಗಿಬ್ಸನ್‌ರನ್ನು ನೆನೆದ. ಅವಕಾಶ ಸಿಗದ್ದರಿಂದಷ್ಟೇ ಅವರು ಅಲ್ಲಿಲ್ಲ, ಅವರಂಥವರೂ ಒಳಗೆ ಬರಲಿ ಎಂದ. 1971ರಲ್ಲಿ ಪೇಜ್ ಬಂದ, ಮರುವರ್ಷ ಗಿಬ್ಸನ್. ಬಾಸ್ಟನ್ ಜನಕ್ಕೆ ವಿಲಿಯಮ್ಸ್ ಟೋಪಿ ಎತ್ತಿದ್ದು ಮಾತ್ರ 1991ರಲ್ಲಿ.